ಸ್ಟೇನ್‌ವೋರಳ ಹಗ್ಗ

ಮೀವಾತ್ನ್ ಸರೋವರದ ಸೀಮೆಯಲ್ಲಿ ಸ್ಟೇನ್‌ವೋರಳ ಬಾಯಿಗೆ ಹೆದರದವರಿರಲಿಲ್ಲ. ಮದುವೆಯಾಗಲಿಲ್ಲ, ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ, ನೂರಿಪ್ಪತ್ತು ಕುರಿಗಳನ್ನು ಒಬ್ಬಳೇ ಸಾಕಿದಳು. ಪಕ್ಕದ ಪಾಲು ತಮ್ಮ ಬ್ರಾಂದುರ್‌ನದು. ಅಪ್ಪ ಸಾಯುವ ಮೊದಲು ಹುಲ್ಲುಗಾವಲನ್ನು ಇಬ್ಬರಿಗೂ ಹಂಚಿ, ನಡುವೆ ಕಲ್ಲುಗುಡ್ಡೆ ಪೇರಿಸಿ, ಒಂದು ಕಟ್ಟು ಮಾಡಿದ್ದ: ಪ್ರತಿ ವಸಂತದಲ್ಲಿ ಅಕ್ಕ ತಮ್ಮನ ಪಾಲನ್ನು ಅಳೆಯಬೇಕು, ತಮ್ಮ ಅಕ್ಕನದನ್ನು. ಮನೆಗೋಡೆಯಿಂದ ಗುಡ್ಡೆಯವರೆಗೆ, ಅಪ್ಪನದೇ ಹಗ್ಗದಲ್ಲಿ.

ಕ್ರಾಪ್ಲಾ ಬೆಟ್ಟ ಬೆಂಕಿ ಕಾರಿದ ಮರುವರ್ಷ ಬ್ರಾಂದುರ್‌ನ ಪಾಲು ಒಂದೂವರೆ ಹೆಜ್ಜೆ ಹೆಚ್ಚು ಬಂತು. ಸ್ಟೇನ್‌ವೋರ್ ಮೂರು ಸಲ ಅಳೆದಳು.

"ನಿನ್ನದು ಸರಿಯಾಗೇ ಇದೆ, ಅಕ್ಕ. ಈಗಷ್ಟೇ ಅಳೆದೆ," ಎಂದ ಬ್ರಾಂದುರ್.

"ಕಳ್ಳ ತಾನೇ ಅಳೆದರೆ ಸರಿ ಬರದೆ ಏನಾಗುತ್ತೆ?"

ಗುಡ್ಡೆ ಸರಿದಿದ್ದರೆ ಅವಳ ಪಾಲು ಅಷ್ಟೇ ಕಡಿಮೆ ಬರಬೇಕು; ಅದನ್ನು ತಾನೇ ಒಂದು ಸಲ ಅಳೆದು ನೋಡಿದ್ದರೆ ಮುಗಿದುಹೋಗುತ್ತಿತ್ತು. ಅಪ್ಪನ ಕಟ್ಟನ್ನು ಮುರಿಯಲು ಅವಳಿಗೆ ಮನಸ್ಸಾಗಲಿಲ್ಲ. ತಮ್ಮನ ಮಾನ ಕಳೆಯಲು ಮಾತ್ರ ಧಾರಾಳವಾಗಿ ಮನಸ್ಸಾಯಿತು. ಆ ಶರತ್ಕಾಲದಲ್ಲಿ, ಬೆಟ್ಟದಿಂದ ಇಳಿಸಿದ ಕುರಿಗಳನ್ನು ಕಿವಿಗುರುತು ನೋಡಿ ಬೇರ್ಪಡಿಸುವ ದೊಡ್ಡಿಯಲ್ಲಿ, ಊರವರೆಲ್ಲ ಇದ್ದಾಗಲೇ ಕೂಗಿದಳು: "ಗಡಿಕಲ್ಲು ಸರಿಸಿದವನ ಕೈಯಲ್ಲಿ ನಿಮ್ಮ ಕುರಿ ಕೊಡ್ತೀರಾ?"

ಬ್ರಾಂದುರ್ ಇಪ್ಪತ್ತೆರಡು ವರ್ಷ ಕುರಿ ಇಳಿಸುವ ತಂಡಕ್ಕೆ ಯಜಮಾನನಾಗಿದ್ದವನು. ಅಂದೇ ಆ ಕೆಲಸ ಬಿಟ್ಟ.

ಮುಂದಿನ ಬೇಸಿಗೆಯಲ್ಲಿ ರಾಜಧಾನಿ ರೇಕ್ಯಾವಿಕ್‌ನಿಂದ ಕೋಲ್ಬೇನ್ ಎಂಬ ಭೂವಿಜ್ಞಾನಿ ಬಂದ. ಬ್ರಾಂದುರ್‌ನ ಹುಲ್ಲುಗಾವಲನ್ನು ಹಿಂದಿನಿಂದಲೂ ಸೀಳಿದ್ದ ಬಿರುಕಿನ ಎರಡೂ ಬದಿಗೆ, ಬಂಡೆಯಲ್ಲಿ, ಹಿಂದಿನ ವಿಜ್ಞಾನಿಗಳು ಅಳತೆಗೆಂದು ಹೊಡೆದಿಟ್ಟಿದ್ದ ಹಿತ್ತಾಳೆ ಮೊಳೆಗಳ ನಡುವೆ ಬೆಳಕು ಹಾಯಿಸಿ ಅಳೆಯುತ್ತಿದ್ದ. ಏನೆಂದು ಕೇಳಲು ಬಂದ ಸ್ಟೇನ್‌ವೋರಳಿಗೆ ಹೇಳಿದ:

"ಹಿಂದೆ ಖಂಡಗಳೆಲ್ಲ ಒಂದಾಗಿದ್ದವು, ಅಮ್ಮ. ಅದಕ್ಕೇ ಈಗ ಸಮುದ್ರದ ಆಚೆಗೂ ಈಚೆಗೂ ಒಂದೇ ಜಾತಿಯ ಎಲೆಯ ಅಚ್ಚು ಕಲ್ಲಲ್ಲಿ ಸಿಗುತ್ತೆ. ಆ ಖಂಡಗಳು ಒಡೆದು ದೂರ ಸರೀತಾ ಇವೆ, ಒಡಕು ಇಲ್ಲೇ ಹಾದುಹೋಗುತ್ತೆ. ನಿಮ್ಮ ತಮ್ಮನ ಮನೆ ಅಮೆರಿಕದ ಕಡೆಗೆ, ನಿಮ್ಮದು ಯುರೋಪಿನ ಕಡೆಗೆ."

"ಹೋಗಲಿ, ಪೀಡೆ ತೊಲಗಲಿ."

"ವರ್ಷಕ್ಕೆ ಉಗುರು ಬೆಳೆದಷ್ಟು ಸರಿಯೋದು. ಬೆಟ್ಟ ಸಿಡಿದಾಗ ಒಂದೇ ಸಲಕ್ಕೆ ಒಂದೂವರೆ ಹೆಜ್ಜೆ."

ಸ್ಟೇನ್‌ವೋರ್ ಬಗ್ಗಿ, ಎರಡೂ ಕೈಯಿಂದ ಮೊಳೆ ಹಿಡಿದು ಎಳೆದಳು. ಅದು ಕದಲಲಿಲ್ಲ. ಕಲ್ಲುಗುಡ್ಡೆಯೂ ಅವಳ ಮನೆಯೂ ಬಿರುಕಿನ ಒಂದೇ ಬದಿಯಲ್ಲಿದ್ದವು. ತಮ್ಮನ ಮನೆ ಮಾತ್ರ ಆಚೆ ಬದಿಯಲ್ಲಿತ್ತು; ಅವನ ಪಾಲಷ್ಟೇ ಹಿಗ್ಗಿತ್ತು.

ಹೊಗೆಯಲ್ಲಿ ಒಣಗಿಸಿದ ಕುರಿತೊಡೆಯೊಂದನ್ನು ಹಿಡಿದು ತಮ್ಮನ ಬಾಗಿಲಿಗೆ ಹೋದಳು. "ನೆಲ ಸರಿದಿದೆಯಂತೆ. ಈ ಸಲ ಕುರಿ ಇಳಿಸೋಕೆ ನೀನೇ ಹೋಗು."

ಬ್ರಾಂದುರ್ ಮಾಂಸ ಮುಟ್ಟಲಿಲ್ಲ. "ನೆಲ ತಾನಾಗಿ ಸರೀತು, ಅಕ್ಕ. ನೀನು ಕಳ್ಳ ಅಂದದ್ದು ತಾನಾಗಿ ಬಂತಾ? ದೊಡ್ಡಿಯಲ್ಲಿ ನಿಂತು ಅಂದೆ. ಅಲ್ಲೇ ನಿಂತು ಅಲ್ಲ ಅನ್ನು. ಆಮೇಲೆ ಬಾ." ಬಾಗಿಲು ಹಾಕಿಕೊಂಡ.

ಏನು ದೊಡ್ಡ ಕೆಲಸ? ಒಂದು ಮಾತು. ಹಂದಿಗಿರುವ ಹಟವೂ ಇವಳ ಹಟದ ಮುಂದೆ ಏನೂ ಅಲ್ಲ. ಏಳು ಶರತ್ಕಾಲ ದೊಡ್ಡಿಗೆ ಹೋದಳು, ತನ್ನ ಕುರಿಗಳನ್ನು ಆರಿಸಿಕೊಂಡಳು, ತುಟಿ ಬಿಚ್ಚದೆ ಹಿಂದಿರುಗಿದಳು.

ಎಂಟನೆಯ ವರ್ಷ ಕುರಿ ಇಳಿಸುವ ವಾರದಲ್ಲೇ ಬ್ರಾಂದುರ್ ತೀರಿಕೊಂಡ. ಅವನನ್ನು ಮಣ್ಣು ಮಾಡಿದ ಮರುದಿನ ಸ್ಟೇನ್‌ವೋರ್ ದೊಡ್ಡಿಯ ಗೋಡೆ ಹತ್ತಿ, ಗಂಟಲು ಹರಿಯುವಂತೆ ಕೂಗಿದಳು: "ನನ್ನ ತಮ್ಮ ಕಲ್ಲು ಸರಿಸಿರಲಿಲ್ಲ!"

ಹೊಸ ಯಜಮಾನ ಕುರಿಯ ಕಿವಿಯಿಂದ ತಲೆ ಎತ್ತಲಿಲ್ಲ. "ನಮಗೆಲ್ಲ ಆಗಲೇ ಗೊತ್ತಿತ್ತು, ಸ್ಟೇನ್‌ವೋರ್," ಎಂದ. "ನಿನ್ನ ಬಾಯಿಂದ ಕೇಳಬೇಕಾಗಿದ್ದವನು ಅವನೊಬ್ಬನೇ."