ಯುಕ್‌ಲಾನ್ ಅಕ್ಕ ಇಟ್ಟ ಚುಕ್ಕೆ

ಯುಕ್‌ಲಾನ್ ಅಕ್ಕನಿಗೆ ಒಂದಕ್ಷರವೂ ಓದಲು ಬರುತ್ತಿರಲಿಲ್ಲ. ನಮ್ಮೂರ ಅಚ್ಚುಹಲಗೆ ಮನೆಯಲ್ಲಿ ಕೂತು ಕೆತ್ತುತ್ತಿದ್ದ ಹನ್ನೆರಡು ಹೆಂಗಸರಲ್ಲಿ ಯಾರಿಗೂ ಬರುತ್ತಿರಲಿಲ್ಲ ಅನ್ನಿ. ಆದರೆ ಮೂವತ್ತು ವರ್ಷದಲ್ಲಿ ಹಳೇ ಕವಿಗಳ ಎಷ್ಟೋ ಪದ್ಯ ಅವಳ ಉಳಿಯ ಕೆಳಗೆ ಹಾದುಹೋಗಿದ್ದವು. ಅಕ್ಷರಗಳಿಗೆ ಅವಳೇ ಹೆಸರಿಟ್ಟುಕೊಂಡಿದ್ದಳು. ಇದು ಏಣಿ, ಇದು ಕುಕ್ಕರುಗಾಲಲ್ಲಿ ಕೂತ ಅತ್ತೆ, ಇದು ಬಾಲದವನು.

ಆ ವರ್ಷ, ಪದ್ಯಗಳನ್ನು ಆಯ್ದು ಸೇರಿಸಿದ ಒಂದು ಪುಸ್ತಕವನ್ನು ಮತ್ತೆ ಕೆತ್ತಿಸಿದರು. ಹಳೇ ಹಲಗೆಗಳು ಸವೆದುಹೋಗಿದ್ದವು, ಹಾಳೆ ಬರೆದುಕೊಡುತ್ತಿದ್ದ ಹಳೇ ಮೇಷ್ಟ್ರೂ ತೀರಿಕೊಂಡಿದ್ದರು. ಅವರ ಜಾಗಕ್ಕೆ ಚೌ ಮೇಷ್ಟ್ರು ಬಂದರು, ಸರಕಾರಿ ಪರೀಕ್ಷೆಯಲ್ಲಿ ನಾಲ್ಕು ಸಲ ಬಿದ್ದ ಸಣಕಲು ಮನುಷ್ಯ. ಅವರು ತೆಳು ಕಾಗದದ ಮೇಲೆ ಬರೆದುಕೊಟ್ಟರೆ, ನಾವು ಅದನ್ನು ಹಲಗೆಗೆ ಬೋರಲಾಗಿ ಅಂಟಿಸಿ ಕಾಗದದ ಸಮೇತ ಕೆತ್ತುತ್ತಿದ್ದೆವು. ಕೆತ್ತಿ ಮುಗಿಯುವಷ್ಟರಲ್ಲಿ ಬರೆದ ಹಾಳೆ ಅನ್ನುವುದೇ ಇರುತ್ತಿರಲಿಲ್ಲ.

ಅಚ್ಚಾದ ಹಾಳೆಗಳನ್ನು ದೋಣಿಗೇರಿಸುವ ದಿನ ಬೆಳಿಗ್ಗೆ, ಫೋಶಾನ್‌ನಿಂದ ಬಂದ ಪುಸ್ತಕದ ವ್ಯಾಪಾರಿ ಒಂದು ಕಟ್ಟು ಬಿಚ್ಚಿ ನೋಡುತ್ತಿದ್ದ. ನೋಡುತ್ತ ನೋಡುತ್ತ ಅವನ ಮುಖ ಬಾಡಿದ ಸೊಪ್ಪಾಯಿತು.

“ಫಂಗ್ ಯಜಮಾನ್ರೇ, ಕುತ್ತಿಗೆ ಮೇಲೆ ತಲೆ ಭಾರ ಆಗಿದ್ಯಾ ನಿಮಗೆ? ಇದು ಹಿಂದಿನ ಚಕ್ರವರ್ತಿ ಹೆಸರಿನ ಅಕ್ಷರ! ಪೂರ್ತಿ ಬರೆದ್ರೆ ಅವರಿಗೆ ಅವಮಾನ, ಕೊನೇ ಚುಕ್ಕೆ ಬಿಟ್ಟು ಬರೀಬೇಕು ಅಂತ ಶಾಲೆ ಮಕ್ಕಳಿಗೂ ಗೊತ್ತು. ಇಲ್ಲಿ ನೋಡಿ, ಚುಕ್ಕೆ ರಾಜನ ಹಾಗೆ ಕೂತಿದೆ!”

“ನಾನು ಬಿಟ್ಟೇ ಬರೆದಿದ್ದೆ, ನಮ್ಮಮ್ಮನಾಣೆ!” ಅಂದರು ಚೌ ಮೇಷ್ಟ್ರು.

“ಎಲ್ಲಿ, ನೀವು ಬರೆದ ಹಾಳೆ ತೋರಿಸಿ” ಅಂದ ನಮ್ಮ ಅಚ್ಚುಹಲಗೆ ಮನೆಯ ಯಜಮಾನ ಫಂಗ್.

ಎಲ್ಲಿಂದ ತೋರಿಸುತ್ತಾರೆ? ಅದು ಚಕ್ಕೆಯ ಜೊತೆ ಗಂಜಿಯ ಒಲೆಗೆ ಹೋಗಿ ತಿಂಗಳಾಗಿತ್ತು.

“ಬರೆದವನನ್ನ ನಾವೇ ಹಿಡಿದುಕೊಟ್ರೆ ನಮ್ಮ ಮೈಗೆ ಅಂಟಲ್ಲ. ಕಾಲುವೆಗೆ ಏರಿರೋ ಉಬ್ಬರದ ನೀರು ಇಳಿಯೋದ್ರೊಳಗೆ ಕಚೇರಿಗೆ ಹೊರಡೋಣ” ಅಂದ ವ್ಯಾಪಾರಿ. ಕಟ್ಟು ಬಿಗಿಯಲು ತಂದ ಹಗ್ಗದಲ್ಲೇ ಮೇಷ್ಟ್ರ ಕೈ ಕಟ್ಟಿದರು. ಆ ಕಚೇರಿಗೆ ಹೋದವರು ನಡೆದುಕೊಂಡು ವಾಪಸ್ ಬಂದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ.

ನನ್ನ ಪಕ್ಕದಲ್ಲಿ ಅಕ್ಕನ ಉಳಿ ನಿಂತುಹೋಗಿತ್ತು.

“ಅದು ನಾನೇ ಕಣೇ” ಅಂದಳು ಮೆಲ್ಲಗೆ. “ಬಾಲದವನಿಗೆ ಬಾಲ ಇರ್ಲಿಲ್ಲ. ಪಾಪ, ಹೊಸಬರು, ಮರೆತಿದ್ದಾರೆ ಅಂತ ಅಷ್ಟು ಮರ ಉಳಿಸಿ ನಾನೇ ಚುಕ್ಕೆ ಇಟ್ಟೆ.”

ಹಳೇ ಮೇಷ್ಟ್ರು ಆ ಅಕ್ಷರ ಒಂಟಿಯಾಗಿ ಬಂದಲ್ಲೆಲ್ಲ ಗೊಡವೆಯೇ ಬೇಡವೆಂದು ಅದರ ಬದಲು ಬೇರೊಂದನ್ನೇ ಬರೆದುಬಿಡುತ್ತಿದ್ದರು. ಬೇರೆ ಅಕ್ಷರದ ತಲೆಯೇರಿ ಕೂತಾಗ ಮಾತ್ರ ಅಕ್ಕ ಅವನನ್ನು ನೋಡಿದ್ದಳು, ಬಾಲದ ಸಮೇತ.

ನಾನು ಅವಳ ತೋಳು ಹಿಡಿದುಕೊಂಡೆ. “ಬಾಯ್ಮುಚ್ಕೊಂಡು ಕೂತ್ಕೋ. ಆ ಹಗ್ಗ ನಿನ್ನ ಕೈಗೂ ಸಾಕಾಗತ್ತೆ.”

ಕೊಸರಿಕೊಂಡು ಎದ್ದಳು.

“ಯಜಮಾನ್ರೇ, ಮೇಷ್ಟ್ರನ್ನ ಬಿಡಿ. ಚುಕ್ಕೆ ನಂದು.”

ಫಂಗ್ ನಕ್ಕುಬಿಟ್ಟ. “ಓದೋಕೆ ಬರದವಳು ಮೇಷ್ಟ್ರನ್ನ ತಿದ್ದಿದ್ಯಾ? ಏನಮ್ಮ, ಮೇಷ್ಟ್ರ ಮೇಲೆ ಅಷ್ಟೊಂದು ಕನಿಕರ?” ಹಿಂದೆ ಯಾರೋ ಕಿಸಕ್ಕನೆ ನಕ್ಕರು.

“ದೋಣಿಗೆ ನಡೆಸ್ರೋ” ಅಂದ ವ್ಯಾಪಾರಿ.

“ಹಲಗೆ ತರಿಸಿ ಮೊದಲು!” ಅಕ್ಕ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿದ್ದೇ ಇಲ್ಲ.

ಹಲಗೆ ಬಂತು. ಮಸಿಯ ಮೇಲೆ ಬೆರಳಿಟ್ಟಳು.

“ಈ ಮೇಷ್ಟ್ರ ಚುಕ್ಕೆ ಹೆಸರುಕಾಳು ಮೊಳಕೆ ಬಂದ ಹಾಗೆ, ತುದೀಲಿ ಕೊಂಕು. ಇದು ನೋಡಿ, ಇದು, ಇದು. ಈಗ ಬಾಲದವನನ್ನ ನೋಡಿ. ತಾವರೆ ಬೀಜದ ಹಾಗೆ ದುಂಡಗಿಲ್ವಾ? ಇದು ಸತ್ತ ಮೇಷ್ಟ್ರ ಚುಕ್ಕೆ. ಮೂವತ್ತು ವರ್ಷ ಅವರ ಬರೆಹದ ಮೇಲೆ ಆಡಿದ ಕೈ. ಹಾಳೇಲಿ ಚುಕ್ಕೆ ಇದ್ದಿದ್ರೆ ಅದನ್ನೇ ಕೆತ್ತುತ್ತಿದ್ದೆ. ಇರ್ಲಿಲ್ಲ, ಅದಕ್ಕೆ ಕೈಗೆ ಬಂದದ್ದು ಬಂತು.”

ಫಂಗ್ ಅಚ್ಚಾದ ಹಾಳೆಯನ್ನು ಕಿಟಕಿಗೆ ಹಿಡಿದು ಒಂದೊಂದೇ ಚುಕ್ಕೆ ನೋಡಿದ. ನೀರಿಳೀತಿದೆ ಅಂತ ದೋಣಿಯವನು ಎರಡು ಸಲ ಕೂಗಿದ.

“ದುಂಡಗಿದೆ” ಅಂದ ಫಂಗ್ ಕೊನೆಗೆ.

“ಹಾಗಾದ್ರೆ ಇವಳನ್ನ ಕಟ್ಟಿ” ಅಂದ ವ್ಯಾಪಾರಿ.

“ಕಟ್ಟಿ, ಕಚೇರೀಲಿ ಏನಂತೀರಿ?” ಅಂದ ಫಂಗ್. “ ಅಕ್ಷರ ಗೊತ್ತಿಲ್ಲದ ಹೆಂಗಸು ಚಕ್ರವರ್ತಿಗೆ ಅವಮಾನ ಮಾಡಿದ್ಲು ಅಂತಲೇ? ಕೇಳಿದೋರು ನಗ್ತಾರೆ. ನಕ್ಕಾದ ಮೇಲೆ, ಇನ್ನೂರು ಪುಸ್ತಕ ಹೇಳಿ ಮಾಡಿಸಿದೋರು ಯಾರು ಅಂತ ಕೇಳ್ತಾರೆ.”

ವ್ಯಾಪಾರಿ ಮೇಷ್ಟ್ರ ಕೈಯ ಹಗ್ಗ ಬಿಚ್ಚಿದ. ಆಮೇಲೆ, “ಆ ಹಾಳೆ ಒಂದೂ ಉಳೀಬಾರದು” ಅಂದ.

ಇನ್ನೂರು ಹಾಳೆಯನ್ನೂ ಎಣಿಸಿ ಎಣಿಸಿ ಒಲೆಗೆ ಹಾಕಿದೆವು. ಚುಕ್ಕೆಯನ್ನು ಅಕ್ಕನೇ ತೆಗೆದಳು. ಉಳಿಯನ್ನು ಒಂದು ಸಲ ನೂಕಿದಳು, ಅಷ್ಟೆ. ಆ ಹಾಳೆ ಮತ್ತೆ ಅಚ್ಚಾಗಿ, ಸಂಜೆ ನೀರೇರಿದ ಮೇಲೆ ದೋಣಿ ಹೊರಟಿತು.

ಫಂಗ್ ಅಕ್ಕನ ಕೈಯಿಂದ ಸಣ್ಣ ಉಳಿ ಕಿತ್ತುಕೊಂಡ. ಇನ್ನು ಅವಳಿಗೆ ಅಗಲದ ಉಳಿಯಲ್ಲಿ ಸಾಲುಗಳ ನಡುವಿನ ಖಾಲಿ ಜಾಗ ತೋಡುವ ಕೆಲಸ, ಹೊಸದಾಗಿ ಬಂದ ಹುಡುಗಿಯರು ಮಾಡುವಂಥದ್ದು.

ಚೌ ಮೇಷ್ಟ್ರು ಕೈಮೇಲಿನ ಹಗ್ಗದ ಬರೆ ಉಜ್ಜಿಕೊಳ್ಳುತ್ತ ಬಂದು ನಿಂತರು. “ಇನ್ಮೇಲೆ ನಾನು ಏನಾದ್ರೂ ಬಿಟ್ಟಿದ್ರೆ ಬಿಟ್ಟುಬಿಡಿ, ಅಕ್ಕ” ಅಂದರು.

“ನನಗೀಗ ನೀವು ಬಿಟ್ಟ ಜಾಗವೇ ಗತಿ, ಮೇಷ್ಟ್ರೇ” ಅಂದು ಅಕ್ಕ ಅಗಲದ ಉಳಿ ಎತ್ತಿಕೊಂಡಳು.