ಗಿರಣಿ ಅಕ್ಕಾರ ಕರಿಹಲಗಿ

ಅವರ ಎರಡೂ ಹುಬ್ಬುಗಳ ಮೇಲೆ ಸದಾ ಜೋಳದ ಹಿಟ್ಟು ಕೂತಿರುತ್ತಿತ್ತು. ಕೆನ್ನೆ ಒರೆಸಿಕೊಳ್ಳುತ್ತಿದ್ದರು, ಸೆರಗು ಝಾಡಿಸುತ್ತಿದ್ದರು, ಹಣೆಯ ವಿಭೂತಿ ಕೆಡದ ಹಾಗೆ ಅದರ ಸುತ್ತಲಿನ ಹಿಟ್ಟನ್ನು ಕಿರುಬೆರಳಿನಿಂದ ತೆಗೆಯುತ್ತಿದ್ದರು. ಹುಬ್ಬಿನ ಗೊಡವೆಗೆ ಮಾತ್ರ ಹೋಗುತ್ತಿರಲಿಲ್ಲ. ಓಣಿಗೆಲ್ಲ ಅವರು ಗಿರಣಿ ಅಕ್ಕಾರು. ಗಂಡ ತೀರಿಕೊಂಡ ಮೇಲೆ ಹಿಟ್ಟಿನ ಗಿರಣಿಯನ್ನು ತಾವೇ ನಡೆಸಿದವರು, ನಡುವೆ ಒಂದು ಅವಧಿಗೆ ನಗರಸಭೆಯ ಸದಸ್ಯೆಯೂ ಆಗಿದ್ದವರು. ಮುಂದಿನ ಚುನಾವಣೆಯಲ್ಲಿ ಸೋತರು. ಸೋತ ಮರುದಿನ ಎಂದಿನ ಹೊತ್ತಿಗೆ ಗಿರಣಿ ತೆಗೆದು, ಬಾಗಿಲ ಪಕ್ಕದ ಗೋಡೆಗೆ ಒಂದು ಕರಿಹಲಗೆ ಮೊಳೆ ಹೊಡೆದು ತೂಗುಹಾಕಿದರು. "ಕುರ್ಚಿ ಹೋತು, ಬಾಯಿ ಹೋಗಿಲ್ಲ" ಅಂದರಂತೆ.

ಹಳೇ ಬಾಗಲಕೋಟೆಯ ಒಂದು ಪಾಲು ಹಿನ್ನೀರಿನಡಿ ಹೋಯಿತು, ಒಂದು ಪಾಲು ನವನಗರಕ್ಕೆ ಹೋಯಿತು, ಎಲ್ಲಿಗೂ ಹೋಗದ ಪಾಲಿನಲ್ಲಿ ನಾವಿದ್ದೇವೆ. ನೀರು ಬಂದ ಮೇಲೆ ನಮಗೂ ಒಂದು ದಂಡೆ ದಕ್ಕಿತು. ಕಾಲೇಜು ಹುಡುಗರು ಅದನ್ನು ಬೀಚ್ ಅನ್ನುತ್ತಾರೆ. ಮರಳಿಲ್ಲ, ಅಲೆಯಿಲ್ಲ, ಉಪ್ಪಿಲ್ಲ. ಸಂಜೆ ಮಿರ್ಚಿ ಭಜಿ ಇದೆ, ಗಿರ್ಮಿಟ್ ಇದೆ, ಕಲ್ಲುಬೆಂಚಿದೆ, ಅಷ್ಟು ಸಾಕು ನಮಗೆ. ಇಂಥ ಊರಲ್ಲಿ ನಗರಸಭೆಯ ಸುದ್ದಿ ಅಂದರೆ ಬರೀ ನಳದ ನೀರಿನ ಸುದ್ದಿಯಲ್ಲ. ದಂಡೆಗೆ ಯಾವ ದೀಪ, ಭಜಿ ಗಾಡಿ ಎಲ್ಲಿ ನಿಲ್ಲಬೇಕು, ಎಮ್ಮೆ ಎಲ್ಲಿ ಮೀಯಬೇಕು, ಮೇಲಿನಿಂದ ನೀರು ಬಿಟ್ಟರೆ ಯಾರ ಹೊಸ್ತಿಲ ತನಕ ಬರುತ್ತದೆ, ಎಲ್ಲ ಬೇಕು. ಅದೆಲ್ಲ ಅಕ್ಕಾರ ಹಲಗೆಯ ಮೇಲೆ ಸುಣ್ಣದ ಬಳಪದಲ್ಲಿ, ಒಂದೊಂದೂ ಜೋಳದ ಕಾಳಿನಷ್ಟು ದುಂಡಗಿನ ಅಕ್ಷರದಲ್ಲಿ ಇರುತ್ತಿತ್ತು. ಆ ಅಕ್ಷರದ ಬಗ್ಗೆ ಅವರಿಗೆ ಸಣ್ಣದಲ್ಲದ ಗರ್ವವೂ ಇತ್ತು.

ಹಲಗೆಗೆ ಒಂದೇ ಒಂದು ಕಾಯಿದೆ. ಪ್ರತಿ ಸುದ್ದಿಯ ಕೆಳಗೆ "ಕಂಡವರು" ಎಂದು ಬರೆದು, ಕಣ್ಣಾರೆ ನೋಡಿದವರು ಯಾರೆಂದು ಹಾಕಬೇಕು. ಕಂಡವರಿಲ್ಲದ ಸುದ್ದಿಗೆ ಜಾಗವಿಲ್ಲ.

"ನಾಳೆ ನಳ ಬರೂದಿಲ್ಲ, ಪೈಪ್ ಒಡದೈತಿ. ಕಂಡವರು: ಹಾಲಿನಣ್ಣ."

"ದಂಡಿಗೆ ಹೊಸ ದೀಪ ಹಾಕ್ಯಾರ. ಎಲ್ಲಾ ಹತ್ತತಾವ, ಗುಡಿ ಮುಂದಿಂದು ಹತ್ತಂಗಿಲ್ಲ. ಕಂಡವರು: ಗಿರಣಿಯಾಕಿ."

"ಭಜಿ ಗಾಡಿ ಬೆಂಚಿನ ಆಕಡೆ ನಿಲ್ಲಬೇಕಂತ ಠರಾವು ಆಗೇತಿ. ಕಂಡವರು: ಗಾಡಿಯಾಂವ, ಸಿಟ್ಟಿಲೆ."

ಅವರೂ ತಪ್ಪಿದ್ದುಂಟು. ಒಮ್ಮೆ ರಸ್ತೆಗೆ ಡಾಂಬರು ಹಾಕುವ ದಿನವನ್ನು ತಪ್ಪು ಬರೆದದ್ದರಿಂದ ಇಡೀ ಓಣಿ ತನ್ನ ಗಾಡಿಗಳನ್ನೆಲ್ಲ ತೆಗೆದು ಕಾದು ಕೂತಿತ್ತು. ಮರುದಿನ ಹಲಗೆಯ ತುಂಬ ಒಂದೇ ಸಾಲು: "ನಿನ್ನಿ ಬರದದ್ದು ಖೊಟ್ಟಿ. ಬರದಾಕಿ: ಗಿರಣಿಯಾಕಿ." ಓಣಿಯವರು ಸಾಕು ಅಳಿಸ್ರಿ ಅನ್ನುವವರೆಗೂ ಅದನ್ನು ಅಳಿಸಲಿಲ್ಲ.

ನಾನು ಅವರ ಗಿರಣಿಯ ಖಾಯಂ ಗಿರಾಕಿ. ಜೋಳ ಬೀಸಿಸಲು ಹೋಗುತ್ತಿದ್ದುದು ವಾರಕ್ಕೊಮ್ಮೆ, ಹೆದರಿಕೆ ಬೀಸಿಸಲು ದಿನಾ. ಹುಟ್ಟಿದಾಗ ನಾನು ಅತ್ತದ್ದೂ ಮುಂದೇನು ಕಾದಿದೆಯೋ ಎಂಬ ಕಾಳಜಿಯಿಂದಲೇ ಇರಬೇಕು. ಕಾಲೇಜಿನ ಆಫೀಸಿನಲ್ಲಿ ಕೂತು ಕೆಲಸ ಮಾಡುತ್ತೇನೆ. ಮೊಬೈಲಿಗೆ ಓಣಿಯ ಗುಂಪು ಬಂದ ಮೇಲೆ ಕೂತಲ್ಲೇ ಹೆದರುವ ಅನುಕೂಲವೂ ಆಯಿತು. ಭೂಕಂಪ, ಕಾಲರಾ, ನಳದ ನೀರಿನಲ್ಲಿ ಹಾವಿನ ಮರಿ, ಏನು ಬಂದರೂ ಮೊದಲು ನಂಬುವವನು ನಾನು.

ಆದರೆ ನಡೆಯುತ್ತಿರುವ ಗಿರಣಿಯಲ್ಲಿ ಪಿಸುಮಾತು ಸಾಗುವುದಿಲ್ಲ. ಪಟ್ಟೆಯ ಬಡಿತ, ಕಲ್ಲಿನ ಗುರ್ರೆನ್ನುವ ಸದ್ದು. ಏನೇ ಹೇಳಿದರೂ ಒದರಿಯೇ ಹೇಳಬೇಕು. ಕಿವಿಯ ಹತ್ತಿರ ಬಾಗಿ "ಅಕ್ಕಾರ, ಒಂದು ಸುದ್ದಿ ಐತ್ರಿ" ಅಂದರೆ ಅವರು ಡಬ್ಬಿಯಿಂದ ತಲೆ ಎತ್ತದೆ "ಒದರು!" ಅನ್ನುತ್ತಿದ್ದರು. ನಾನು ಒದರುತ್ತಿದ್ದೆ. ಸರದಿಯಲ್ಲಿ ನಿಂತ ಹೆಂಗಸರೆಲ್ಲ ತಿರುಗಿ ನೋಡುತ್ತಿದ್ದರು. "ನಳದಾಗ ಹಾವಿನ ಮರಿ ಬರಾಕತ್ತಾವಂತ!" ಎಂದು ಊರಿಗೆಲ್ಲ ಕೇಳುವಂತೆ ಕೂಗಿದ ಮೇಲೆ ಆ ಮಾತು ನನಗೇ ನಾಚಿಕೆಯಾಗಿ ಕಾಣುತ್ತಿತ್ತು.

"ಕಂಡವರು ಯಾರು?"

"ಅದು... ಮೊಬೈಲಿನ್ಯಾಗ ಬಂದೈತ್ರಿ."

"ಮೊಬೈಲಿಗೆ ಕಣ್ಣ ಅದಾವೇನು? ತಮ್ಮಾ, ನಿನ್ನ ಕಾಳಜಿ ಬೀಸಿಕೊಡಾಕ ಆಗಂಗಿಲ್ಲ. ನನ್ನ ಕಲ್ಲ ಸವೀತಾವ."

ಹೆಂಗಸರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಈಗ ಹೇಳಬೇಕಾದ್ದು ಒಂದು ಆಷಾಢದ ಶನಿವಾರದ ಮಾತು. ನಮ್ಮ ಮನೆಯಲ್ಲಿ ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿ, ಇಳಕಲ್ಲ ಕಡೆಯ ನೇಕಾರರ ಮಗಳು. ನಡುಮನೆಯಲ್ಲಿ ಅವರದೊಂದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಇಳಿಬಿಟ್ಟು ಕೂತು ನೇಯುವುದು. ಅವರ ಕಣ್ಣು ಮಬ್ಬಾಗುತ್ತ ಬಂದಿತ್ತು. "ಇದೊಂದ ಸೀರಿ. ಆಮ್ಯಾಲ ಕೈ ಮುಗದು ಬಿಡ್ತೇನಿ" ಎಂದು ಹಾಸು, ಅಂದರೆ ಉದ್ದದ ಎಳೆಗಳನ್ನು, ಹೂಡಿದ್ದರು. ಆ ಸೀರೆ ನನ್ನ ಮಗಳ ಮದುವೆಗೆ. ಮೈ ಮುಗಿದು ಸೆರಗಿಗೆ ಬಂದಿತ್ತು. ಇಳಕಲ್ಲ ಸೀರೆಯ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕಣ್ಣಿನಲ್ಲಿ ಅದನ್ನು ಹೇಗೆ ಸೇರಿಸಿದರೋ, ಅವರಿಗೇ ಗೊತ್ತು. ಇನ್ನೊಮ್ಮೆ ಆಗುವ ಕೆಲಸವಲ್ಲ ಎಂದು ಮಾತ್ರ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅಣ್ಣ, ವೈನಿ ತುಳಸಿಗೇರಿಯ ಹನುಮಪ್ಪನಿಗೆ ಹೋಗಿದ್ದರು. ಹೆಂಡತಿ, ಮಗಳು ಬಟ್ಟೆ ಖರೀದಿಗೆಂದು ಗುಳೇದಗುಡ್ಡಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬನೇ, ಕೈಯಲ್ಲಿ ಮೊಬೈಲು. ಊರಲ್ಲಿ ಒಂದು ಹನಿ ಮಳೆಯಿಲ್ಲ, ಕಿಟಕಿ ಬಡಿಯುವ ಆಷಾಢದ ಒಣಗಾಳಿ. ನಮಗೆ ನೆರೆ ಬರುವುದೇ ಹಾಗೆ: ಮಳೆ ಮಹಾರಾಷ್ಟ್ರದಲ್ಲಿ, ನೀರು ನಮ್ಮಲ್ಲಿ. ಗುಂಪಿನಲ್ಲಿ ಕೆಂಪು ದೀಪದ ಚಿತ್ರಗಳೊಂದಿಗೆ ಸುದ್ದಿ ಬಂತು: "ಸಂಜೆಯೊಳಗೆ ನೀರು ಊರೊಳಗೆ ನುಗ್ಗಲಿದೆ. ಎಲ್ಲರೂ ಮನೆ ಖಾಲಿ ಮಾಡಿ."

ಎದ್ದು ಹೋಗಿ ಮಗ್ಗದ ಕುಣಿಗೆ ಕೈ ಹಾಕಿದೆ. ತಳ ಒದ್ದೆ!

ನೆಲದಡಿಯಿಂದ ನೀರು ಜಿನುಗುತ್ತಿದೆ. ಇನ್ನು ಮಗ್ಗ ಬಿಚ್ಚುವಷ್ಟು ಹೊತ್ತಿಲ್ಲ. ಹಾಸು ಕತ್ತರಿಸಿ, ಇದ್ದಷ್ಟು ಸೀರೆಯನ್ನಾದರೂ ಉಳಿಸಿಕೊಂಡು ಓಡಬೇಕು. ಕತ್ತರಿ ತಂದೆ. ಎಳೆಗಳ ಹತ್ತಿರ ಹಿಡಿದೆ. ಕೈ ಏಳಲಿಲ್ಲ. ಹೆದರುವವನ ಸ್ವಭಾವವೇ ಅದು. ಏನಾದರೂ ಮಾಡುವ ಮೊದಲು ಅವನ ಜೊತೆ ಇನ್ನೊಬ್ಬರು ಹೆದರಬೇಕು. ಕತ್ತರಿ ಹಿಡಿದುಕೊಂಡೇ ಗಿರಣಿಗೆ ಓಡಿದೆ.

ಈ ಸಲ ಯಾರೂ ಹೇಳುವ ಮೊದಲೇ ಒದರಿದೆ. "ಅಕ್ಕಾರ! ನಮ್ಮ ಮನ್ಯಾಗ ನೆಲದಾಗಿಂದ ನೀರು ಬರಾಕತ್ತೈತಿ! ಕಂಡವರು ನಾನ! ಖರೇನ ಕಂಡೇನಿ!"

ಅಕ್ಕಾರು ಗಿರಣಿ ಬಂದ್ ಮಾಡಿದರು. ಸದ್ದು ನಿಂತಿತು. ಅವರು ನನ್ನನ್ನು ನೋಡಿದರು, ಕತ್ತರಿಯನ್ನು ನೋಡಿದರು.

"ಕಂಡೀ ಅಂತೀ. ಏನ ಕಂಡಿ?"

"ಕುಣಿ ಹಸಿ ಆಗೇತ್ರಿ."

"ಅಂದ್ರ ಹಸಿ ಕಂಡೀ. ನೀರ ಕಂಡಿಲ್ಲ. ನಡಿ."

ಮನೆಗೆ ಬಂದು, ಮಗ್ಗಕ್ಕೆ ಕೈ ಮುಗಿದು, ಕುಣಿಗೆ ಇಳಿದರು. "ಒಂದ ಸೌಟ ಕೊಡು" ಅಂದರು. ಕೊಟ್ಟೆ. ತಳದ ಮಣ್ಣನ್ನು ಕೆರೆದರು. ಮೇಲೆ ಬೆರಳ ದಪ್ಪದಷ್ಟು ಮಾತ್ರ ಒದ್ದೆ. ಅದರ ಕೆಳಗೆ ಬೂದಿಯ ಹಾಗೆ ಒಣಮಣ್ಣು. ಒಂದು ಹಿಡಿ ತೆಗೆದು ನನ್ನ ಅಂಗೈಗೆ ಸುರಿದರು.

"ಹೊಳಿಯಿಂದ ಬಂದ ನೀರು ಕೆಳಗಿಂದ ಬರತೈತಿ ತಮ್ಮಾ, ಕೊಡದಿಂದ ಬಂದದ್ದು ಮ್ಯಾಲಿಂದ. ನಿಮ್ಮ ವೈನಿ ಮುಂಜಾನೆ ನೀರ ಚಿಮಿಕಿಸಿ ಹೋಗ್ಯಾಳ. ಈ ಗಾಳಿಗೆ ಎಳಿ ಒಣಗಿ ಹರಿಬಾರದಂತ. ಯಾವತ್ತರ ನಿಂತು ನೋಡಿಯೇನು ಆಕಿ ಕೆಲಸ?"

ನೋಡಿರಲಿಲ್ಲ. ಹುಟ್ಟಿದ ಮನೆ, ದಿನಾ ದಾಟಿ ಹೋಗುವ ನಡುಮನೆ. ಕತ್ತರಿಯನ್ನು ಅವರೇ ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡರು.

ನಾನು ಉಸಿರು ಬಿಟ್ಟು ಕೂತೆ. ಅವರು ಕೂರಲಿಲ್ಲ. "ಕುಣಿ ಸುಳ್ಳಾತು, ಸುದ್ದಿ ಸುಳ್ಳೋ ಖರೇಯೋ ಇನ್ನೂ ಕಂಡಿಲ್ಲಲ್ಲ. ಗಾಡಿ ತಗಿ."

ನನ್ನ ಸ್ಕೂಟರಿನ ಹಿಂದೆ ಕೂತರು. ಆ ಗಾಳಿಗೆ ಅವರ ಮೈಮೇಲಿನ ಹಿಟ್ಟೆಲ್ಲ ಹಾರಿ ಹಿಂದೆ ಬರುವವರು ಸೀನುತ್ತಿದ್ದರು. ನಗರಸಭೆಯಲ್ಲಿ ಆ ಹೊತ್ತಿಗೆ ಇದ್ದವರು ಒಬ್ಬ ತರುಣ ಇಂಜಿನಿಯರು. ಅಕ್ಕಾರು ಗಿರಣಿಯ ದನಿಯಲ್ಲೇ ವಿಚಾರಿಸಿದರು. ಇಂಜಿನಿಯರು ಹೇಳಿದರು: ಮೇಲಿನಿಂದ ನೀರು ಬಿಟ್ಟಿರುವುದು ನಿಜ, ದಂಡೆಯ ಸಾಲಿನವರು ನಾಳೆ ಮಧ್ಯಾಹ್ನದೊಳಗೆ ಶಾಲೆಯ ಕಟ್ಟಡಕ್ಕೆ ಹೋಗಬೇಕು, ಊರಬಾಗಿಲ ಅಗಸಿಯಿಂದ ಮೇಲಿರುವ ನಮ್ಮಂಥವರಿಗೆ ಏನೂ ಇಲ್ಲ. ದಂಡೆಯವರಿಗೆ ಹೇಳಿದ್ದನ್ನು ಯಾರೋ ಊರಿಗೆಲ್ಲ ಹಚ್ಚಿದ್ದಾರೆ.

"ಬರೀತೇನ್ರಿ ಸಾಹೇಬ್ರ. ಕಂಡವರು ಅಂತ ನಿಮ್ಮನ್ನ ಹಾಕ್ಲೇನು?"

ಇಂಜಿನಿಯರು ಮುಂದಿದ್ದ ಕಡತ ಮುಚ್ಚಿದರು. "ಫೋನಿನ್ಯಾಗ ಕೇಳಿದ್ದು ಅಕ್ಕಾರ. ಮಧ್ಯಾಹ್ನದಿಂದ ನಾನೂ ದಂಡಿಗೆ ಹೋಗಿಲ್ಲ."

"ಹಂಗಾರ ನಡ್ರಿ."

ಮೂವರೂ ದಂಡೆಗೆ ಹೋದೆವು. ನೀರು ಕೆಂಪಗೆ, ಸದ್ದಿಲ್ಲದೆ ಮೆಟ್ಟಿಲು ಹತ್ತುತ್ತಿತ್ತು. ಇಂಜಿನಿಯರು ಪ್ಯಾಂಟು ಮಡಚಿ ಇಳಿದು, ಅಳತೆಗಂಬದ ಬಣ್ಣದ ಗೆರೆಯನ್ನು ಬಾಗಿ ನೋಡಿದರು. ಯಾರಿಗೋ ಫೋನು ಮಾಡಿದರು. ಆಮೇಲೆ ಮೇಲೆ ಹತ್ತಿ ಬಂದು ಅಂದರು, "ನಾಳೆ ಮಧ್ಯಾಹ್ನ ಅಲ್ರಿ, ನಾಳೆ ಮುಂಜಾನೆ ಅಂತ ಬರೀರಿ. ಈಗ ಹಾಕ್ರಿ ನನ್ನ ಹೆಸರು."

ಹಲಗೆಯ ಮೇಲೆ ಸುದ್ದಿ ಬಂತು, ಮೂವರ ಸಾಕ್ಷಿಯೊಂದಿಗೆ. ಗಂಟುಮೂಟೆ ಕಟ್ಟಿ ಬೀದಿಗೆ ಬಂದಿದ್ದ ಮೇಲಿನ ಓಣಿಯವರು ಗಂಟು ಇಳಿಸಿ, ದಂಡೆಯ ಸಾಲಿನವರ ಗಂಟು ಹೊರಲು ಹೋದರು. ನನಗೆ ಬಂದ ಪಾಲು ಒಂದು ಬುಟ್ಟಿ ಕೋಳಿ. ದಾರಿಯುದ್ದಕ್ಕೂ ಅವು ನನ್ನ ಪರವಾಗಿ ಕೂಗುತ್ತಿದ್ದವು. ಮರುದಿನ ನೀರು ದಂಡೆಯ ಸಾಲಿನ ಹೊಸ್ತಿಲು ದಾಟಿತು, ಕಲ್ಲುಬೆಂಚು ಮುಳುಗಿಸಿತು, ಅಗಸಿಯ ಕೆಳಗೇ ನಿಂತಿತು. ಮನೆಗಳಲ್ಲಿ ಆಗ ಯಾರೂ ಇರಲಿಲ್ಲ.

ಕತ್ತರಿಯ ಸುದ್ದಿ ವೈನಿಗೆ ಹೇಗೋ ತಲುಪಿತು. ಮರುದಿನ ಮಗ್ಗಕ್ಕೆ ಕೂತು, ನನ್ನನ್ನು ಕರೆದು, "ಇಲ್ಲಿ ನಿಂದ್ರು. ನೋಡು" ಅಂದರು. ಸೆರಗು ಮುಗಿಯುವವರೆಗೆ ದಿನಾ ಸ್ವಲ್ಪ ಹೊತ್ತು ನಿಂತು ನೋಡಿದೆ. ಕೆಲವೊಮ್ಮೆ ಎಳೆಯನ್ನು ಕಣ್ಣಿಗಿಂತ ಮೊದಲು ಅವರ ಬೆರಳು ಕಾಣುತ್ತಿತ್ತು.

ಮದುವೆಯಲ್ಲಿ ಅಕ್ಕಾರು ಆ ಸೆರಗನ್ನು ಎರಡೂ ಕೈಯಿಂದ ಎತ್ತಿ ನೋಡಿದರು. ಮದುವೆಗೂ ಹುಬ್ಬಿನ ಹಿಟ್ಟು ತೊಳೆಯದೆ ಬಂದಿದ್ದಾರಲ್ಲ ಎಂದು ನಾನು ಹೆಂಡತಿಯ ಕಿವಿಯಲ್ಲಿ ಅಂದೆ. ಗಿರಣಿಯಲ್ಲವಲ್ಲ, ಪಿಸುಗುಟ್ಟಬಹುದಿತ್ತು.

ಹೋದ ಚಳಿಗಾಲದ ಒಂದು ಮುಂಜಾನೆ ಗುಂಪಿನಲ್ಲಿ ಬಂತು: "ಗಿರಣಿ ಅಕ್ಕಾರು ಇನ್ನಿಲ್ಲ." ಕೆಳಗೆ ಸಾಲುಗಟ್ಟಿ ಕೈಮುಗಿದ ಚಿತ್ರಗಳು. ಎಲ್ಲ ಕೆಟ್ಟ ಸುದ್ದಿಯನ್ನೂ ಕ್ಷಣದಲ್ಲಿ ನಂಬುವ ನಾನು ಅದನ್ನು ನಂಬಲಿಲ್ಲ. ಕಂಡವರು ಯಾರು ಎಂದು ಯಾರೂ ಬರೆದಿರಲಿಲ್ಲ. ಚಪ್ಪಲಿ ಮೆಟ್ಟಿ ನೋಡಲು ಹೋದೆ.

ಗಿರಣಿಯ ಹಿಂದಿನ ಮನೆಯಲ್ಲಿ ಅವರನ್ನು ಮೀಸಿ, ಹೊಸ ಸೀರೆ ಉಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಈಗಲೋ ಇನ್ನೊಂದು ಗಳಿಗೆಗೋ "ಒದರು!" ಅನ್ನುವ ಹಾಗಿದ್ದರು. ಹುಬ್ಬುಗಳು ಬೆಳ್ಳಗಿದ್ದವು. ಇವತ್ತಾದರೂ ಒರೆಸಬಾರದೇ ಎಂದು ನನಗೆ ಸಂಕಟವಾಗಿ ಅವರ ಸೊಸೆಗೆ ಹೇಳಿದೆ, "ಹುಬ್ಬಿನ ಮ್ಯಾಲಿನ ಹಿಟ್ಟು ಉಳದೈತಿ ನೋಡವಾ."

ಆಕೆ ನನ್ನನ್ನೇ ನೋಡಿದಳು. "ಹಿಟ್ಟಲ್ರಿ ಕಾಕಾ. ಕೂದಲ ಅವು. ಯಾವಾಗೋ ಬೆಳ್ಳಗಾಗ್ಯಾವು."

ಇಷ್ಟು ವರ್ಷ ದಿನಾ ಕಂಡಿದ್ದೆ. ಏನ ಕಂಡಿ, ಎಂದು ಅವರೇ ಕೇಳಿದಂತಾಯಿತು.

ಹೊರಗೆ ಬಂದೆ. ಹಲಗೆಯ ಮೇಲೆ ಹಿಂದಿನ ದಿನದ ನಳದ ಸುದ್ದಿ ಹಾಗೇ ಇತ್ತು. ಅದರ ಕೆಳಗೆ ನನ್ನ ಕೋಳಿಕಾಲಿನ ಅಕ್ಷರದಲ್ಲಿ ಬರೆದೆ: "ಗಿರಣಿ ಅಕ್ಕಾರು ಹೋದರು. ಕಂಡವರು: ನಾನು." ಹಿಂದೆ ನಿಂತಿದ್ದ ಹಾಲಿನಣ್ಣ ಬಳಪ ಇಸಿದುಕೊಂಡು ತನ್ನನ್ನು ಸೇರಿಸಿದ. ಭಜಿ ಗಾಡಿಯವನು ಬರೆದ. ಆ ಇಂಜಿನಿಯರಿಗೆ ಬೇರೆ ಊರಿಗೆ ವರ್ಗವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಅವರೂ ಬಂದು, ಒಳಗೆ ಹೋಗಿ ನೋಡಿ, ಬಂದು ಬರೆದರು. ಹಲಗೆ ತುಂಬಿ, ಹೆಸರುಗಳು ಸುಣ್ಣದ ಗೋಡೆಯ ಮೇಲೆ ಮಸಿಯಲ್ಲಿ ಇಳಿದವು.

ಕಡೆಗೆ ವೈನಿ ಬಂದರು. ಈಗ ಅವರಿಗೆ ಬೆಳಕು, ನೆರಳು ಅಷ್ಟೇ ಗೊತ್ತಾಗುತ್ತದೆ. ಕೈಹಿಡಿದು ಒಳಗೆ ಕರೆದುಕೊಂಡು ಹೋದೆ. ಅಕ್ಕಾರ ಮುಖದ ಮೇಲೆ, ಹುಬ್ಬಿನ ಮೇಲೆ, ಮಗ್ಗದ ಎಳೆ ಹುಡುಕುವ ಹಾಗೆ ನಿಧಾನವಾಗಿ ಬೆರಳಾಡಿಸಿದರು. ಹೊರಗೆ ಬಂದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೇಳಿದರು:

"ಎಲ್ಲಾರೂ ಬರದಾರಂತಲ್ಲ. ನನ್ನ ಹೆಸರೂ ಬರಿ."

ನಾನು ಬರೆಯತೊಡಗಿದೆ. ಅವರು ನನ್ನ ಕೈ ತಡೆದರು.

"ಕಂಡಾಕಿ ಅಂತ ಬರೀಬ್ಯಾಡ, ಆಕಿ ಒಪ್ಪಂಗಿಲ್ಲ. ಮುಟ್ಟಿ ಬಂದಾಕಿ ಅಂತ ಬರಿ."

ಹಾಗೇ ಬರೆದೆ.