ಕೌಂಟರಿನಲ್ಲಿ ಬಾಯಿಬಿಟ್ಟ ದೊಡ್ಡಕ್ಕ

ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರಿನಲ್ಲಿ ಆಕೆಗಿಂತ ಹಳಬರು ಯಾರೂ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಆಕೆ ದೊಡ್ಡಕ್ಕ. ಪೆಟ್ಟಿಗೆ ಎತ್ತಲಾರದೆ ಏದುಸಿರು ಬಿಡುವವರನ್ನು "ಕಲ್ಲು ತುಂಬಿದೀರಾ?" ಎಂದು ನಗಿಸಿ ಕಳಿಸುವುದು ಆಕೆಯ ರೂಢಿ.

ಒಂದು ಬೆಳಿಗ್ಗೆ ನಿವೃತ್ತ ನರ್ಸೊಬ್ಬರು ನೇರ ಆಕೆಯ ಮುಂದೆ ಬಂದು ನಿಂತರು. ಹಿಂದಿನ ವಾರ ಮಗಳ ಹೆರಿಗೆಗೆಂದು ಸಮುದ್ರದಾಚೆಯ ದೇಶಕ್ಕೆ ಹೊರಟಿದ್ದವರು. ಆ ದೇಶಕ್ಕೆ ವೀಸಾ ಬೇಕಿಲ್ಲ. ಆದರೂ ಇಳಿದ ಕೂಡಲೇ ಅಲ್ಲಿನ ಅಧಿಕಾರಿಗಳು ಪಕ್ಕಕ್ಕೆ ಕರೆದು ವಿಚಾರಿಸಿ, ವಾಪಸು ವಿಮಾನ ಹತ್ತಿಸಿದ್ದರು. ಇವರ ಮನೆಯಲ್ಲಿ ಬಾಡಿಗೆಗಿದ್ದವನೊಬ್ಬ ಹಿಂದೆ ಇವರದೇ ಫೋನ್ ನಂಬರು ಕೊಟ್ಟು ಟಿಕೆಟ್ ಮಾಡಿಸಿದ್ದನಂತೆ. ಅಲ್ಲಿಗೆ ಹೋಗಿ ತಲೆಮರೆಸಿಕೊಂಡಿದ್ದನಂತೆ. ಅದೇ ನಂಬರು ಕಂಡು ಇವರ ಮೇಲೂ ಅನುಮಾನ.

"ನನ್ನ ನಂಬರು ಅವರಿಗೆ ಕೊಟ್ಟಿದ್ದು ಯಾರಮ್ಮ? ನಿಮ್ಮ ವಿಮಾನ ಕಂಪನಿಗೆ ಬಿಟ್ರೆ ನಾನು ಯಾರಿಗೂ ಹೇಳಿಲ್ಲ."

ದೊಡ್ಡಕ್ಕ ಅದೇ ಪ್ರಶ್ನೆ ಹಿಡಿದು ನೇರ ಮ್ಯಾನೇಜರ ಕೋಣೆಗೆ ಹೋದಳು.

"ಪ್ರಯಾಣಿಕರ ವಿವರ ಕೊಡದಿದ್ರೆ ವೀಸಾ ಇಲ್ದೆ ಯಾರನ್ನೂ ಒಳಗೆ ಬಿಡಲ್ಲ ಅಂತ ಅವರ ಸರ್ಕಾರ ಪಟ್ಟು ಹಿಡೀತು, ನಮ್ಮ ಸರ್ಕಾರ ಒಪ್ಕೊಳ್ತು," ಎಂದರು ಅವರು. "ಫೋನು, ವಿಳಾಸ, ಯಾರ ಜೊತೆ ಹೋದ್ರು, ಟಿಕೆಟಿಗೆ ದುಡ್ಡು ಯಾರು ಕೊಟ್ರು, ಎಲ್ಲ ಹೋಗುತ್ತೆ. ಕಾನೂನು."

"ಜನಕ್ಕೆ ಹೇಳಬಾರದು ಅಂತಾನೂ ಕಾನೂನಿದೆಯಾ ಸರ್?"

"ಇಲ್ಲಪ್ಪ. ಆದ್ರೆ ಸುಮ್ನೆ ಅವರ ತಲೆಗೆ ಹುಳ ಯಾಕೆ ಬಿಡೋದು?"

ಮರುದಿನದಿಂದ ಆಕೆ ಬೋರ್ಡಿಂಗ್ ಪಾಸು ಕೊಡುವ ಮುನ್ನ ಪ್ರತಿಯೊಬ್ಬರಿಗೂ ಎಲ್ಲವನ್ನೂ ಬಿಡಿಸಿ ಹೇಳತೊಡಗಿದಳು. ಸಾಲು ಬೆಳೆಯಿತು. "ಹೋಗ್ಲಿ ಬಿಡಿ, ನನ್ನ ಹೆಂಡ್ತಿಗೆ ಗೊತ್ತಾಗದಿದ್ರೆ ಸಾಕು," ಎಂದು ವ್ಯಾಪಾರಿಯೊಬ್ಬ ನಕ್ಕ. ಕಾಲೇಜು ಮೇಷ್ಟ್ರೊಬ್ಬರು ಮಾತ್ರ ನಗಲಿಲ್ಲ. ತಮ್ಮ ಬಗ್ಗೆ ಏನೇನು ಕಳಿಸಿದ್ದೀರಿ, ತೋರಿಸಿ ಎಂದು ಅಲ್ಲೇ ಪಟ್ಟು ಹಿಡಿದರು. ಅವರ ಹಿಂದಿದ್ದವರೂ ದನಿಗೂಡಿಸಿದರು.

ಆ ವಾರವೇ ದೊಡ್ಡಕ್ಕನನ್ನು ನೆಲಮಾಳಿಗೆಯ ಕಳೆದ ಸಾಮಾನಿನ ವಿಭಾಗಕ್ಕೆ ಹಾಕಿದರು. ಕಿಟಕಿಯಿಲ್ಲದ ಕೋಣೆ, ಹಿಡಿ ಮುರಿದ ಪೆಟ್ಟಿಗೆಗಳ ರಾಶಿ.

"ಬಾಯಿ ಸ್ವಲ್ಪ ಬಿಗಿ ಹಿಡ್ಕೋಬಾರದಾ?" ಎಂದ ಬಸ್ ಚಾಲಕನಾದ ಗಂಡ.

"ಬಸ್ಸು ಬೇರೆ ದಾರೀಲಿ ತಿರುಗಿಸಬೇಕಾದ್ರೆ ನೀನು ಒಳಗಿರೋರಿಗೆ ಹೇಳ್ತೀಯೋ ಇಲ್ವೋ?"

"ಹೇಳದಿದ್ರೆ ಹೊಡೀತಾರೆ ಕಣೇ."

"ನಮ್ಮ ಕೌಂಟರಿಗೆ ಬರೋರಿಗೆ ಹೊಡೆಯೋಕಾದ್ರೂ ವಿಷಯ ಗೊತ್ತಾಗಬೇಕಲ್ಲ!"

ಮೇಲೆ ಕೌಂಟರಿನಲ್ಲಿ ಕಂಪನಿ ಎಣಿಸಿದಂತೆ ಆಗಲಿಲ್ಲ. ಆಕೆಯ ಜಾಗಕ್ಕೆ ಬಂದ ಅಂಜುಬುರುಕ ಗುಮಾಸ್ತ ಮೊದಲು ಪಿಸುಮಾತಿನಲ್ಲಿ, ಆಮೇಲೆ ಗಟ್ಟಿಯಾಗಿಯೇ ಹೇಳತೊಡಗಿದ. ಪಕ್ಕದವರೂ ಶುರುಮಾಡಿದರು. ಎಲ್ಲರನ್ನೂ ನೆಲಮಾಳಿಗೆಗೆ ತುಂಬಲು ಮ್ಯಾನೇಜರಿಗೆ ಆಗಲಿಲ್ಲ. ದೂರುಗಳು ಹೆಚ್ಚಾದಾಗ ಕಂಪನಿ ನರ್ಸಿನ ನಂಬರಿನ ಗೊಂದಲವನ್ನು ಆ ದೇಶಕ್ಕೆ ವಿವರಿಸಬೇಕಾಯಿತು. ನರ್ಸು ಕೊನೆಗೂ ಹೋದರು, ಮೊಮ್ಮಗುವಿಗೆ ಹಲ್ಲು ಬಂದ ಮೇಲೆ.

ಮಾಹಿತಿ ಹೋಗುವುದು ಇಂದಿಗೂ ನಿಂತಿಲ್ಲ. ಆದರೆ ಕೌಂಟರಿನ ಮೇಲೆ ಆ ಬಗ್ಗೆ ಒಂದು ಫಲಕ ಬಂತು. ಮ್ಯಾನೇಜರು ದೊಡ್ಡಕ್ಕನನ್ನು ಕೌಂಟರಿಗೆ ಕರೆಸಿದರು.

"ನಿಮ್ಮ ಸೀಟು ನಿಮಗೇ. ಬೋರ್ಡು ಹಾಕಿದೀವಲ್ಲ, ಇನ್ಮೇಲೆ ನೀವು ಬಾಯಲ್ಲಿ ಹೇಳೋದು ಬೇಡ."

"ಆ ಅಕ್ಷರ ಓದೋಕೆ ದುರ್ಬೀನು ಬೇಕು ಸರ್. ಹೇಳೋದು ಬೇಡ ಅಂದ್ರೆ ನಾನು ಕೆಳಗೇ ಇರ್ತೀನಿ."

ಮ್ಯಾನೇಜರು ಕಣ್ಣು ಕಿರಿದುಮಾಡಿ ಫಲಕ ಓದಲು ನೋಡಿ, ಹೋಗಿ ಕೂತ್ಕೊಳ್ಳಿ ಎಂದು ಕೈಸನ್ನೆ ಮಾಡಿದರು. ಆಕೆ ಕೂತಳು. ಮೊದಲ ಪ್ರಯಾಣಿಕ ಪಾಸ್‌ಪೋರ್ಟ್ ಚಾಚಿದ.

"ಒಂದ್ನಿಮಿಷ ಕೇಳಿಸ್ಕೊಳ್ಳಿ," ಎಂದಳು ದೊಡ್ಡಕ್ಕ.